ಅನುವಂಶೀಯತೆ: ಜೋಗಿಮಟ್ಟಿ ಸುತ್ತಿನ ಹೊಲ, ಮಂದೆ, ಮನೆಗಳ ಮೂಲಕ ಒಂದು ಪರಿಚಯ

ಅನುವಂಶೀಯತೆ ಎಂದರೆ ದೇಹವನ್ನು ಕಟ್ಟುವ ಮತ್ತು ನಡೆಸುವ ಮಾಹಿತಿ ಒಂದು ಪೀಳಿಗೆಯಿಂದ ಮುಂದಿನ ಪೀಳಿಗೆಗೆ ದಾಟುವ ಕ್ರಿಯೆ. ಆ ಮಾಹಿತಿ ಎಲ್ಲಿದೆ, ಯಾವ ನಿಯಮದಲ್ಲಿ ದಾಟುತ್ತದೆ, ಹೇಗೆ ಬದಲಾಗುತ್ತದೆ ಎಂಬುದನ್ನು ಅಭ್ಯಾಸ ಮಾಡುವ ಶಾಸ್ತ್ರವೇ ತಳಿವಿಜ್ಞಾನ. ಮಾಹಿತಿಯ ಒಂದೊಂದು ಘಟಕಕ್ಕೆ ಜೀನ್ ಅಥವಾ ವಂಶವಾಹಿ ಎಂದು ಹೆಸರು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಹಬ್ಬಿರುವ ಜೋಗಿಮಟ್ಟಿ ಕಾಡಿನ ಸುತ್ತ ಒಣಬೇಸಾಯದ ಊರುಗಳಿವೆ. ರಾಗಿ, ಸಾಮೆ, ಶೇಂಗಾ, ಮೆಕ್ಕೆಜೋಳದ ಹೊಲಗಳು, ದಾಳಿಂಬೆ, ಅಡಿಕೆ, ತೆಂಗಿನ ತೋಟಗಳು, ಕುರಿಮಂದೆಗಳು ಇಲ್ಲಿನ ಬದುಕು. ತಳಿವಿಜ್ಞಾನದ ಮುಖ್ಯ ನಿಯಮಗಳೆಲ್ಲ ಈ ಹೊಲ, ಮಂದೆ, ಮನೆಗಳಲ್ಲಿ ದಿನವೂ ಕೆಲಸ ಮಾಡುತ್ತಿರುವುದರಿಂದ ಅವನ್ನು ಇಲ್ಲಿಂದಲೇ ಅರಿಯಬಹುದು.

ಬಿತ್ತನೆ ಬೀಜದ ಪ್ರಶ್ನೆ

ಸುಗ್ಗಿಯಲ್ಲಿ ತುಂಬಿದ ರಾಗಿ ತೆನೆಗಳನ್ನು ಆರಿಸಿ, ಒಣಗಿಸಿ, ಬೂದಿ ಬೆರೆಸಿ ಬೇವಿನ ಸೊಪ್ಪಿನೊಂದಿಗೆ ಮುಂದಿನ ಮುಂಗಾರಿಗೆ ಎತ್ತಿಡುವುದು ಹಳೆಯ ರೂಢಿ. ಮನೆಯ ಹೆಂಗಸರೇ ಮಾಡಿಕೊಂಡು ಬಂದ ಈ ಕೆಲಸದಿಂದ ವರ್ಷ ವರ್ಷವೂ ಅದೇ ಗುಣದ ರಾಗಿ ಬೆಳೆಯುತ್ತದೆ. ಶೇಂಗಾದ ಕತೆಯೂ ಹಾಗೆಯೇ. ತಿಂಡಿವನಂ ಕೇಂದ್ರದಿಂದ 1940ರಲ್ಲಿ ಬಂದ ಟಿ.ಎಂ.ವಿ.-2 ತಳಿಯನ್ನು ರೈತರು ತಮ್ಮ ತಮ್ಮಲ್ಲೇ ಬೀಜ ಹಂಚಿಕೊಂಡು ದಶಕಗಳ ಕಾಲ ಉಳಿಸಿಕೊಂಡರು. ಆದರೆ ಅದೇ ರೈತ ಸಂಕರ ಮೆಕ್ಕೆಜೋಳದ ಫಸಲಿನಿಂದ ಕಾಳು ಎತ್ತಿಟ್ಟು ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದರ ತೆನೆ ದೊಡ್ಡದು, ಇನ್ನೊಂದರದು ಜೊಳ್ಳು. ಇಳುವರಿ ಇಳಿಯುತ್ತದೆ. ಹಾಗಾಗಿ ಪ್ರತಿವರ್ಷ ಅಂಗಡಿಯ ಬೀಜವೇ ಬೇಕಾಗುತ್ತದೆ.

ಬೀಜ ಕೆಟ್ಟಿತೆಂದೋ ಕಂಪನಿಯವರು ಅದರಲ್ಲಿ ಏನೋ ಬೆರೆಸಿದ್ದಾರೆಂದೋ ಇದನ್ನು ವಿವರಿಸುವವರಿದ್ದಾರೆ. ನಿಜವಾದ ಕಾರಣ ಅನುವಂಶೀಯತೆಯ ಮೊದಲ ನಿಯಮದಲ್ಲಿದೆ: ತಂದೆತಾಯಿಯಿಂದ ಬಂದ ಮಾಹಿತಿ ಹಾಲು ನೀರಿನಂತೆ ಬೆರೆತುಹೋಗುವುದಿಲ್ಲ. ಜೊತೆಗಿದ್ದರೂ ಬಿಡಿಬಿಡಿಯಾಗಿ ಉಳಿದು, ಮುಂದಿನ ಪೀಳಿಗೆಯಲ್ಲಿ ಮತ್ತೆ ಬೇರೆಯಾಗುತ್ತದೆ.

ಮೆಂಡೆಲ್‌ರ ಎಣಿಕೆ

ಈ ನಿಯಮವನ್ನು ಕಂಡುಹಿಡಿದವರು ಈಗಿನ ಚೆಕ್ ಗಣರಾಜ್ಯದ ಬ್ರನೋ ಊರಿನ ಕ್ರೈಸ್ತ ಮಠದಲ್ಲಿದ್ದ ಗ್ರೆಗರ್ ಮೆಂಡೆಲ್ (1822–1884). ಮಠದ ತೋಟದಲ್ಲಿ 1856ರಿಂದ ಸುಮಾರು ಎಂಟು ವರ್ಷ ಅವರು ಬಟಾಣಿ ಬೆಳೆದು, ಏಳು ಗುಣಗಳನ್ನು ಆರಿಸಿಕೊಂಡು, ಪೀಳಿಗೆಯಿಂದ ಪೀಳಿಗೆಗೆ ಎಣಿಸುತ್ತ ಹೋದರು. ಗುಂಡುಕಾಳಿನ ಗಿಡಕ್ಕೂ ಸುಕ್ಕುಕಾಳಿನ ಗಿಡಕ್ಕೂ ಸಂಕರ ಮಾಡಿದಾಗ ಮೊದಲ ಪೀಳಿಗೆಯ ಕಾಳುಗಳೆಲ್ಲ ಗುಂಡಗಿದ್ದವು. ಆ ಗಿಡಗಳನ್ನು ತಮ್ಮಷ್ಟಕ್ಕೆ ಪರಾಗಸ್ಪರ್ಶವಾಗಲು ಬಿಟ್ಟಾಗ ಎರಡನೆಯ ಪೀಳಿಗೆಯಲ್ಲಿ 5,474 ಗುಂಡುಕಾಳು, 1,850 ಸುಕ್ಕುಕಾಳು ಸಿಕ್ಕವು. ಅಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು.

ಅವರ ವಿವರಣೆ ಸರಳ. ಪ್ರತಿ ಗುಣಕ್ಕೂ ಜೀವಿಯಲ್ಲಿ ಎರಡು ಪ್ರತಿಗಳಿವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಎರಡೂ ಬೇರೆಬೇರೆ ಆಗಿದ್ದಾಗ ಒಂದು ಮಾತ್ರ ಹೊರಗೆ ಕಾಣಬಹುದು, ಅದು ಪ್ರಬಲ. ಕಾಣದೆ ಉಳಿದದ್ದು ದುರ್ಬಲ. ಅಂಡ, ಪರಾಗ ಅಥವಾ ವೀರ್ಯಾಣು ರೂಪುಗೊಳ್ಳುವಾಗ ಈ ಜೋಡಿ ಬೇರೆಯಾಗಿ, ಎರಡರಲ್ಲಿ ಒಂದು ಮಾತ್ರ ಮುಂದೆ ದಾಟುತ್ತದೆ. ಎರಡು ಕಡೆಯಿಂದಲೂ ದುರ್ಬಲ ಪ್ರತಿಯೇ ಬಂದಾಗ ಅಡಗಿದ್ದ ಸುಕ್ಕು ಮತ್ತೆ ಮೇಲೆ ಬರುತ್ತದೆ. ದುರ್ಬಲವೆಂಬ ಮಾತಿಗೆ ಇಲ್ಲಿ ಕೆಟ್ಟದ್ದು ಎಂದಾಗಲಿ, ಅಳಿಯುವಂಥದ್ದು ಎಂದಾಗಲಿ ಅರ್ಥವಿಲ್ಲ. ಅದು ಒಂಟಿಯಾಗಿದ್ದಾಗ ಕಾಣದು, ಅಷ್ಟೇ.

ಮೆಂಡೆಲ್‌ರ ಪ್ರಬಂಧ 1866ರಲ್ಲಿ ಅಚ್ಚಾಯಿತು. ಅದರ ಮಹತ್ವವನ್ನು ಲೋಕ ಗುರುತಿಸಿದ್ದು 1900ರಲ್ಲಿ, ಅವರು ತೀರಿಕೊಂಡು 16 ವರ್ಷಗಳ ಮೇಲೆ.

ಈಗ ಮೆಕ್ಕೆಜೋಳಕ್ಕೆ ಮರಳಬಹುದು. ಸಂಕರ ಬೀಜವೆಂದರೆ ಎರಡು ಶುದ್ಧ ಸಾಲುಗಳ ಮೊದಲ ಪೀಳಿಗೆ. ಅದರ ಪ್ರತಿ ಕಾಳಿನಲ್ಲೂ ಅದೇ ಜೋಡಿ ಇರುವುದರಿಂದ ಹೊಲವೆಲ್ಲ ಒಂದೇ ಸಮ. ಬೇರೆ ಬೇರೆ ಪ್ರತಿಗಳು ಕೂಡಿದ್ದರಿಂದ ಬರುವ ಹುರುಪು ಬೇರೆ. ಅದರ ಮಕ್ಕಳಲ್ಲಿ ಜೋಡಿಗಳು ಒಡೆದು ನಾನಾ ಬಗೆಯಾಗಿ ಕೂಡುತ್ತವೆ, ಹುರುಪೂ ತಗ್ಗುತ್ತದೆ. ರಾಗಿ, ಶೇಂಗಾಗಳಲ್ಲಿ ಹೂ ತನ್ನ ಪರಾಗವನ್ನೇ ತಾನು ಪಡೆಯುತ್ತದೆ. ಹೀಗಾದಾಗ ಬೆರಕೆ ಜೋಡಿಗಳ ಪ್ರಮಾಣ ಪ್ರತಿ ಪೀಳಿಗೆಗೂ ಅರ್ಧಕ್ಕೆ ಇಳಿಯುತ್ತದೆ: ಅರ್ಧ, ಕಾಲು, ಅರೆಕಾಲು. ಏಳೆಂಟು ಪೀಳಿಗೆಗಳಲ್ಲಿ ಗಿಡ ಬಹುಪಾಲು ಶುದ್ಧವಾಗಿ, ಮಕ್ಕಳು ತಾಯಿಯಂತೆಯೇ ಬರುತ್ತವೆ. ಮನೆಯ ರಾಗಿ ಬೀಜ ನಂಬಿಕೆಗೆ ಉಳಿಯುವುದು ಇದರಿಂದ.

ವರ್ಣತಂತುಗಳು

ಮೆಂಡೆಲ್ ಊಹಿಸಿದ ಜೋಡಿಗಳು ಇರುವುದು ಜೀವಕೋಶದ ಕೇಂದ್ರದಲ್ಲಿರುವ ದಾರದಂಥ ರಚನೆಗಳಲ್ಲಿ. ಬಣ್ಣ ಹಚ್ಚಿದಾಗ ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುವುದರಿಂದ ಇವಕ್ಕೆ ವರ್ಣತಂತು ಎಂದು ಹೆಸರಾಯಿತು. ಮನುಷ್ಯನಲ್ಲಿ 46, ಎಮ್ಮೆಯಲ್ಲಿ 50, ಕುರಿಯಲ್ಲಿ 54, ಹಸುವಿನಲ್ಲಿ 60, ಮೆಕ್ಕೆಜೋಳದಲ್ಲಿ 20, ರಾಗಿಯಲ್ಲಿ 36, ಶೇಂಗಾದಲ್ಲಿ 40. ಎಣಿಕೆ ಹೆಚ್ಚಿದಷ್ಟೂ ಜೀವಿ ಮೇಲು ಎಂದೇನಿಲ್ಲ. ರಾಗಿ, ಶೇಂಗಾಗಳಲ್ಲಿ ಎರಡು ಕಾಡು ಪೂರ್ವಜರ ತಂತುಗಳು ಸೇರಿಕೊಂಡು, ಒಟ್ಟು ನಾಲ್ಕು ಸೆಟ್ಟು ತಂತುಗಳಾಗಿವೆ. ಅಮೆರಿಕದ ಥಾಮಸ್ ಹಂಟ್ ಮಾರ್ಗನ್ 1910ರಿಂದ ಹಣ್ಣುನೊಣಗಳ ಮೇಲೆ ನಡೆಸಿದ ಪ್ರಯೋಗಗಳು ಜೀನ್‌ಗಳು ವರ್ಣತಂತುವಿನ ಮೇಲೆ ಸಾಲಾಗಿವೆ ಎಂದು ತೋರಿಸಿದವು.

ಸಾಮಾನ್ಯವಾಗಿ ಹೆಣ್ಣಿನಲ್ಲಿ ಎರಡು ಎಕ್ಸ್ ತಂತುಗಳೂ ಗಂಡಿನಲ್ಲಿ ಒಂದು ಎಕ್ಸ್, ಒಂದು ವೈ ತಂತುವೂ ಇರುತ್ತವೆ. ತಾಯಿ ಯಾವಾಗಲೂ ಎಕ್ಸ್ ತಂತುವನ್ನೇ ಕೊಡಬಲ್ಲಳು. ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವೀರ್ಯಾಣು ಯಾವ ತಂತುವನ್ನು ಹೊತ್ತು ಬಂತೆಂಬುದರ ಮೇಲೆ ನಿಂತಿದೆ. ಅದೂ ಯಾರ ಇಚ್ಛೆಗೂ ಸೇರಿದ್ದಲ್ಲ. ಬರೀ ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರಿದ ಮನೆಗಳು ಎಷ್ಟೋ. ಆ ದೂರಿಗೆ ವಿಜ್ಞಾನದಲ್ಲಿ ಒಂದೆಳೆಯ ಆಧಾರವೂ ಇಲ್ಲ.

ಬರಹ ಮತ್ತು ಓದು

ವರ್ಣತಂತುವಿನ ಒಳಗಿರುವ ಡಿಎನ್‌ಎ ಎಂಬ ರಾಸಾಯನಿಕವೇ ಮಾಹಿತಿಯ ನೆಲೆ ಎಂದು 1944ರಲ್ಲಿ ಆಸ್ವಾಲ್ಡ್ ಏವರಿ ಮತ್ತು ಸಂಗಡಿಗರು ತೋರಿಸಿದರು. ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ಮಾರಿಸ್ ವಿಲ್ಕಿನ್ಸ್ ಅವರ ಪ್ರಯೋಗಾಲಯದ ಎಕ್ಸ್ ಕಿರಣ ಚಿತ್ರಗಳ ನೆರವಿನಿಂದ 1953ರಲ್ಲಿ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಅದರ ಆಕಾರ ಬಿಡಿಸಿದರು: ಒಂದಕ್ಕೊಂದು ಹೊಸೆದುಕೊಂಡ ಎರಡು ಎಳೆ. ಎಳೆಯ ಉದ್ದಕ್ಕೂ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಒಂದೆಳೆಯ ಎ ಎದುರಿಗೆ ಇನ್ನೊಂದರಲ್ಲಿ ಟಿ, ಜಿ ಎದುರಿಗೆ ಸಿ ಮಾತ್ರ ಕೂರುತ್ತದೆ. ಎಳೆಗಳು ಬಿಚ್ಚಿಕೊಂಡಾಗ ಪ್ರತಿಯೊಂದೂ ತನಗೆ ಹೊಂದುವ ಹೊಸ ಎಳೆಯನ್ನು ಕಟ್ಟಿಸಿಕೊಳ್ಳುತ್ತದೆ. ಒಂದು ಬರಹ ಹೀಗೆ ಎರಡಾಗುತ್ತದೆ.

ಕೋಶ ಈ ಬರಹವನ್ನು ಮೊದಲು ಆರ್‌ಎನ್‌ಎ ಎಂಬ ನಕಲಾಗಿ ಬರೆದುಕೊಂಡು, ಮೂರು ಮೂರು ಅಕ್ಷರಗಳ ಪದಗಳಾಗಿ ಓದುತ್ತದೆ. ಒಟ್ಟು 64 ಪದಗಳು. ಮೂರು ಪೂರ್ಣವಿರಾಮಗಳು, ಉಳಿದವು 20 ಬಗೆಯ ಅಮೈನೋ ಆಮ್ಲಗಳ ಹೆಸರುಗಳು. ಈ ಆಮ್ಲಗಳ ಸರಪಳಿಯೇ ಪ್ರೋಟೀನು. ಈ ನಿಘಂಟನ್ನು ಬಿಡಿಸಿದ್ದಕ್ಕಾಗಿ ಭಾರತ ಮೂಲದ ಹರಗೋಬಿಂದ್ ಖೊರಾನಾ, ಮಾರ್ಷಲ್ ನೀರೆನ್‌ಬರ್ಗ್, ರಾಬರ್ಟ್ ಹಾಲಿ ಅವರಿಗೆ 1968ರ ನೊಬೆಲ್ ಬಹುಮಾನ ಬಂತು. ರಾಗಿ ಗಿಡ, ಟಗರು, ಮನುಷ್ಯ, ಎಲ್ಲರೂ ಬಳಸುವುದು ಹೆಚ್ಚುಕಡಿಮೆ ಇದೇ ನಿಘಂಟನ್ನು. ಮನುಷ್ಯನ ಒಂದು ಸೆಟ್ಟಿನ ಬರಹ ಸುಮಾರು 300 ಕೋಟಿ ಅಕ್ಷರಗಳಷ್ಟು. ಅದರಲ್ಲಿ ಪ್ರೋಟೀನು ಕಟ್ಟುವ ಜೀನ್‌ಗಳು ಸುಮಾರು 20,000.

ನಕಲಿನಲ್ಲಿ ಅಪರೂಪಕ್ಕೆ ತಪ್ಪಾಗುತ್ತದೆ. ‘ಕಡಲೆ’ಯ ಎತ್ವ ಹೋಗಿ ಕೊಂಬು ಬಂದರೆ ‘ಕಡಲು’ ಆಗುವಂತೆ, ಒಂದು ಅಕ್ಷರ ಬದಲಾದರೆ ಅರ್ಥವೇ ಬೇರೆಯಾಗಬಹುದು. ಇದಕ್ಕೆ ಉತ್ಪರಿವರ್ತನೆ ಎನ್ನುತ್ತಾರೆ. ರಕ್ತದ ಹಿಮೋಗ್ಲೋಬಿನ್ ಜೀನ್‌ನ ಒಂದು ಪದದಲ್ಲಿ, ಎರಡೂ ಪ್ರತಿಗಳಲ್ಲಿ ಎ ಇದ್ದಲ್ಲಿ ಟಿ ಬಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಅದೇ ಸಿಕಲ್ ಸೆಲ್ ರೋಗ. ಬಹಳಷ್ಟು ಬದಲಾವಣೆಗಳಿಂದ ಏನೂ ಆಗುವುದಿಲ್ಲ, ಕೆಲವು ಕೇಡು ತರುತ್ತವೆ, ಕೆಲವು ಒಳಿತು ಮಾಡುತ್ತವೆ. ನಾವು ಕಾಣುವ ತಳಿವೈವಿಧ್ಯದ ಮೂಲ ಈ ತಪ್ಪುಗಳೇ.

ರಾಗಿಯ ತಳಿ ಕಟ್ಟಿದ ಕತೆ

ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂದು, ಇಲ್ಲಿನ ಮಳೆ ಮಣ್ಣಿಗೆ ಒಗ್ಗಿ, ತನ್ನದೇ ಬಗೆಗಳನ್ನು ಪಡೆಯಿತು. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, ಅಂದರೆ 20ನೆಯ ಶತಮಾನದ ಆರಂಭದಲ್ಲಿ, ಊರೂರ ರಾಗಿಯಿಂದ ಒಳ್ಳೆಯ ಸಾಲುಗಳನ್ನು ಆರಿಸುವ ಕೆಲಸ ಮೊದಲಾಯಿತು. ಆಯ್ಕೆಗೆ ಒಂದು ಮಿತಿಯಿದೆ: ರಾಶಿಯಲ್ಲಿ ಇಲ್ಲದ ಗುಣವನ್ನು ಆರಿಸಲಾಗದು. ಹೊಸ ಕೂಡಿಕೆಗೆ ಸಂಕರಣವೇ ಆಗಬೇಕು. ಆದರೆ ರಾಗಿ ಹೂ ತೀರ ಚಿಕ್ಕದು, ಅರಳುವ ಮುನ್ನವೇ ತನ್ನ ಪರಾಗ ತಾನು ಪಡೆದುಬಿಡುತ್ತದೆ.

ಈ ಕಷ್ಟವನ್ನು ದಾಟಿದವರು ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಸಿ.ಎಚ್. ಲಕ್ಷ್ಮಣಯ್ಯ. ನಾಡು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆಯಿತು. ಎರಡು ಗಿಡಗಳ ತೆನೆಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟುವುದು ರಾಗಿ ಸಂಕರಣದ ಒಂದು ಹಾದಿ. ಹುಟ್ಟಿದ ಸಸಿಗಳಲ್ಲಿ ನಿಜವಾದ ಸಂಕರ ಯಾವುದೆಂದು ತಿಳಿಯಲು ಮೆಂಡೆಲ್‌ರ ನಿಯಮವೇ ನೆರವಿಗೆ ಬರುತ್ತದೆ. ರಾಗಿಯಲ್ಲಿ ನೇರಳೆ ಛಾಯೆ ಹಸಿರಿಗಿಂತ ಪ್ರಬಲ. ಹಸಿರು ತಾಯಿಗೆ ನೇರಳೆ ತಂದೆಯನ್ನು ಜೊತೆಮಾಡಿದರೆ, ತಾಯಿಯ ಬೀಜದಿಂದ ಎದ್ದ ನೇರಳೆ ಸಸಿಯೇ ಸಂಕರ.

ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕಾದ ದಪ್ಪ ತೆನೆಯ ರಾಗಿಯೊಂದಿಗೆ ಕೂಡಿಸಿದರು. ಇಂಡಿಯಾ, ಆಫ್ರಿಕಾ ಎರಡೂ ಹೆಸರು ಸೇರಿ ‘ಇಂಡಾಫ್’ ತಳಿಗಳಾದವು. ಸಾವಿರಾರು ವರ್ಷ ಕಡಲ ಆಚೆ ಈಚೆ ಬೇರೆ ಬೇರೆಯಾಗಿ ಬದಲಾದ ಬಳಗದ ಮರುಭೇಟಿ ಅದು. ಇಳುವರಿ ಏರಿತು. ಮುಂದೆ ಬೆಂಕಿ ರೋಗಕ್ಕೆ ಅವು ಸೋತಾಗ, ಇಂಡಾಫ್ ರಕ್ತವೇ ಇರುವ, ರೋಗ ತಾಳುವ ಜಿ.ಪಿ.ಯು.-28 ಬಂತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ ಬರ ತಾಳುವ ಎಂ.ಎಲ್.-365 ತಳಿಯ ಡಿಎನ್‌ಎ ಬರಹವನ್ನು ಓದಿ 2017ರಲ್ಲಿ ಪ್ರಕಟಿಸಿತು. ಬರದ ಸೀಮೆಯ ಮುದ್ದೆಯ ಧಾನ್ಯದ ಬರಹವನ್ನು ನಮ್ಮ ನಾಡಿನಲ್ಲೇ ಓದಿದ್ದು ಹೆಮ್ಮೆಯ ಸಂಗತಿ.

ದೂರದ ಬಳಗಗಳನ್ನು ಕೂಡಿಸುವ ಇಂಥ ಕೆಲಸ ಹತ್ತಿಯಲ್ಲೂ ನಡೆಯಿತು. ಧಾರವಾಡದ ಬಿ.ಎಚ್. ಕಟರಕಿ ಅವರು 1972ರಲ್ಲಿ ಕೊಟ್ಟ ‘ವರಲಕ್ಷ್ಮಿ’ ಎರಡು ಬೇರೆ ಹತ್ತಿ ಜಾತಿಗಳನ್ನು ಕೂಡಿಸಿ ಮಾಡಿದ ಸಂಕರ. ಒಂದರ ಇಳುವರಿ, ಇನ್ನೊಂದರ ಉದ್ದನೆಯ ಎಳೆ ಅದರಲ್ಲಿ ಸೇರಿದವು.

ಗೂಟಿಯ ಗಿಡ, ಡಾಲಿ ಎಂಬ ಕುರಿ

ದಾಳಿಂಬೆ ತೋಟದ ದಾರಿ ಬೇರೆ. ಕೊಂಬೆಯ ತೊಗಟೆ ಸುತ್ತ ಕೆತ್ತಿ, ತೇವದ ಪಾಚಿ ಕಟ್ಟಿ ಬೇರು ಬರಿಸುವ ಗೂಟಿಯ ಗಿಡಕ್ಕೆ ತಂದೆಯೇ ಇಲ್ಲ. ಅದು ತಾಯಿಗಿಡದ ಅಚ್ಚು ನಕಲು. ಜೋಡಿಗಳು ಒಡೆಯುವ ಮಾತೇ ಇಲ್ಲದ್ದರಿಂದ ಹಣ್ಣಿನ ಬಣ್ಣ, ರುಚಿ ತಪ್ಪದೆ ಬರುತ್ತವೆ. ಅದರ ಅಪಾಯವೂ ಅಲ್ಲೇ ಇದೆ. ದುಂಡಾಣು ಅಂಗಮಾರಿ ಒಂದು ಗಿಡಕ್ಕೆ ತಗಲಿದರೆ ತೋಟಕ್ಕೆ ತೋಟವೇ ಅಷ್ಟೇ ಸುಲಭದ ತುತ್ತು. ತಡೆಯಬಲ್ಲ ಬೇರೆ ಬರಹದ ಗಿಡ ಅಲ್ಲಿರುವುದಿಲ್ಲ.

ಗೂಟಿ ಬೇರುಬಿಡುತ್ತದೆಂದರೆ ಕೊಂಬೆಯ ಕೋಶದಲ್ಲೂ ಇಡೀ ಗಿಡದ ಮಾಹಿತಿ ಇದೆಯೆಂದಾಯಿತು. ಸಸ್ತನಿಗಳಲ್ಲಿ ಇದನ್ನು ಸಾಧಿಸಿ ತೋರಿಸಿದ್ದು 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಡಾಲಿ ಎಂಬ ಕುರಿ. ಬೆಳೆದ ಕುರಿಯ ಕೆಚ್ಚಲಿನ ಕೋಶದ ಕೇಂದ್ರವನ್ನು ಅಂಡದೊಳಗೆ ಇಟ್ಟು, 277 ಪ್ರಯತ್ನಗಳಲ್ಲಿ ಪಡೆದ ಒಂದೇ ಮರಿ ಅದು.

ಮಂದೆ

ಚಿತ್ರದುರ್ಗ ಜಿಲ್ಲೆ ಕುರಿಗೂ ಚಳ್ಳಕೆರೆಯ ಕಂಬಳಿಗೂ ಹೆಸರಾದದ್ದು. ಮಂದೆಯ ಮಾಹಿತಿಯ ಅರ್ಧ ಪಾಲು ಟಗರಿನದು. ಒಂದು ಕುರಿ ತನ್ನ ಜೀವಮಾನದಲ್ಲಿ ಕೆಲವೇ ಮರಿ ಹಾಕುತ್ತದೆ. ಟಗರು ಒಂದೇ ವರ್ಷದಲ್ಲಿ ಇಪ್ಪತ್ತು ಮೂವತ್ತು ಮರಿಗಳಿಗೆ ತಂದೆಯಾಗುತ್ತದೆ. ಟಗರನ್ನು ನೋಡಿ ಆರಿಸುವ ಕುರಿಗಾಹಿಗಳ ಹಳೆಯ ಎಚ್ಚರಕ್ಕೆ ಇದೇ ಬಲ. ಅದೇ ಟಗರು ಮೂರನೆಯ ವರ್ಷವೂ ಮಂದೆಯಲ್ಲಿ ಉಳಿದರೆ ತನ್ನ ಮಗಳನ್ನೇ ಕೂಡುತ್ತದೆ. ಹಾಗೆ ಹುಟ್ಟಿದ ಮರಿಯಲ್ಲಿ ಒಂದು ಜೀನ್‌ನ ಎರಡೂ ಪ್ರತಿಗಳು ಒಂದೇ ಪೂರ್ವಜನಿಂದ ಬಂದಿರುವ ಸಂಭವ ನಾಲ್ಕರಲ್ಲಿ ಒಂದು. ಅಡಗಿದ್ದ ದೋಷಗಳು ಜೊತೆಯಾಗಿ ಹೊರಬೀಳುವುದು, ಮರಿಗಳು ಸೊರಗುವುದು ಆಗ. ಎರಡು ವರ್ಷಕ್ಕೊಮ್ಮೆ ಟಗರನ್ನು ಬದಲಿಸಬೇಕೆಂಬ ಸಲಹೆಗೆ ಇದು ಕಾರಣ.

ಒಂದೇ ಅಕ್ಷರದ ಬದಲಾವಣೆಯಿಂದ ಒಳಿತಾದ ಉದಾಹರಣೆಯೂ ಕುರಿಯಲ್ಲೇ ಇದೆ. ದಖ್ಖನಿ ಕುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಬಂಗಾಳದ ಸುಂದರಬನದ ಚಿಕ್ಕ ಗಾರೋಲ್ ಕುರಿಯಲ್ಲಿ ಬೂರೂಲಾ ಎಂಬ ಜೀನ್ ರೂಪದಿಂದ ಅವಳಿ ಮರಿಗಳು ಹೆಚ್ಚು. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಅದನ್ನು ದಖ್ಖನಿ ಕುರಿಗೆ ದಾಟಿಸಿ ‘ನಾರಿ ಸುವರ್ಣ’ ತಳಿ ಕಟ್ಟಿತು. ಅದನ್ನು ಕರ್ನಾಟಕದ ಸಾಕಣೆದಾರರೂ ತಂದುಕೊಂಡಿದ್ದಾರೆ. ಆದರೆ ಎರಡು ಮರಿ ಹುಟ್ಟಿದರೆ ಸಾಲದು, ಎರಡಕ್ಕೂ ಹಾಲು ಬೇಕು. ಜೀನ್ ಮರಿ ಕೊಡುತ್ತದೆ, ಮೇವನ್ನು ಮಳೆಯೇ ಕೊಡಬೇಕು.

ಕಾಡು

ಜೋಗಿಮಟ್ಟಿಯನ್ನು 2015ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಚಿರತೆ, ಕರಡಿ, ನವಿಲುಗಳ ಈ ಕುರುಚಲು ಕಾಡಿನ ಸುತ್ತ ಊರು, ಹೊಲ, ರಸ್ತೆಗಳಿವೆ. ಕಬಿನಿಯ ಕಾಡಿನಲ್ಲಿ ಹೆಸರಾದ ಕರಿಚಿರತೆ ಬೇರೆ ಜಾತಿಯ ಪ್ರಾಣಿಯಲ್ಲ. ಎಎಸ್‌ಐಪಿ ಎಂಬ ಜೀನ್‌ನ ದುರ್ಬಲ ಪ್ರತಿ ಎರಡೂ ಕಡೆಯಿಂದ ಬಂದಾಗ ಹುಟ್ಟುವ ಚಿರತೆಯೇ ಅದು. ತಂದೆತಾಯಿ ಇಬ್ಬರೂ ಚುಕ್ಕೆಯವರಾಗಿದ್ದರೂ ಮರಿ ಕಪ್ಪಾಗಬಹುದು.

ಕಾಡುಗಳ ನಡುವಣ ದಾರಿ ಮುಚ್ಚಿ ಪ್ರಾಣಿಗಳ ಬಳಗ ಚಿಕ್ಕದಾದರೆ ಅಪರೂಪದ ಪ್ರತಿಗಳು ಬರೀ ಆಕಸ್ಮಿಕದಿಂದ ಹೆಚ್ಚಬಹುದು ಅಥವಾ ಅಳಿದುಹೋಗಬಹುದು. ಒಡಿಶಾದ ಸಿಮಿಲಿಪಾಲದಲ್ಲಿ ಪಟ್ಟೆಗಳು ಅಗಲವಾಗಿ ಕೂಡಿಕೊಂಡ ಕಪ್ಪು ಹುಲಿಗಳು ಹೆಚ್ಚಿರುವುದಕ್ಕೆ ಒಂದು ದುರ್ಬಲ ಜೀನ್ ರೂಪವೂ ಆ ಹುಲಿಗಳ ಒಂಟಿತನವೂ ಕಾರಣವೆಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ತೋರಿಸಿತು. ಜೋಗಿಮಟ್ಟಿಯಂಥ ಚಿಕ್ಕ ಕಾಡನ್ನು ಬೇಲಿ ಹಾಕಿ ಕಾದರೆ ಸಾಲದು. ಗುಡ್ಡದಿಂದ ಗುಡ್ಡಕ್ಕೆ ಪ್ರಾಣಿ ದಾಟುವ ದಾರಿ ತೆರೆದಿರಬೇಕು ಎಂಬುದು ಇದರ ಪಾಠ.

ಮನೆತನ

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯ ಮಾತು ಅರ್ಧ ನಿಜ. ಇನ್ನರ್ಧ ನೂಲು ತಂದೆಯದು. ತಂದೆತಾಯಿ ಇಬ್ಬರೂ ಒಂದು ದುರ್ಬಲ ರೋಗಜೀನ್‌ನ ಒಂದೊಂದು ಪ್ರತಿಯನ್ನು ಹೊತ್ತಿದ್ದರೆ ಇಬ್ಬರೂ ಆರೋಗ್ಯವಾಗಿರುತ್ತಾರೆ. ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಇದು ಪ್ರತಿ ಬಸಿರಿಗೂ ಹೊಸದಾಗಿ ಅನ್ವಯಿಸುವ ಲೆಕ್ಕ. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಭಯವಿಲ್ಲ ಎನ್ನುವುದು ತಪ್ಪು ತಿಳಿವಳಿಕೆ. ಥಲಸ್ಸೀಮಿಯಾ, ಸಿಕಲ್ ಸೆಲ್ ರೋಗಗಳು ಈ ಬಗೆಯವು. ಒಂದು ರಕ್ತಪರೀಕ್ಷೆಯಿಂದ ವಾಹಕರನ್ನು ಮೊದಲೇ ಗುರುತಿಸಬಹುದು.

ನಮ್ಮಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಅತ್ತೆ ಮಾವಂದಿರ ಮಕ್ಕಳು ಮದುವೆಯಾಗುವುದು ಹಳೆಯ ರೂಢಿ. ಸೋದರಮಾವ ಮತ್ತು ಅಕ್ಕನ ಮಗಳು ಸರಾಸರಿ ಕಾಲು ಭಾಗದಷ್ಟು ಮಾಹಿತಿಯನ್ನು ಹಂಚಿಕೊಂಡಿರುತ್ತಾರೆ. ಅವರ ಮಗುವಿನಲ್ಲಿ ಒಂದು ಜೀನ್‌ನ ಎರಡೂ ಪ್ರತಿಗಳು ಒಬ್ಬ ಪೂರ್ವಜರಿಂದಲೇ ಬಂದಿರುವ ಸಂಭವ ಎಂಟರಲ್ಲಿ ಒಂದು. ಅತ್ತೆ ಮಾವಂದಿರ ಮಕ್ಕಳ ಮಗುವಿನಲ್ಲಿ ಹದಿನಾರರಲ್ಲಿ ಒಂದು. ಕರ್ನಾಟಕದ ಇಂಥ ಮದುವೆಗಳನ್ನು 1980ರ ದಶಕದಲ್ಲಿ ರಾಧಾ ರಮಾದೇವಿ, ಎನ್. ಅಪ್ಪಾಜಿ ರಾವ್, ಅಲನ್ ಬಿಟಲ್ಸ್ ಅವರು ನವಜಾತ ಶಿಶುಗಳ ತಪಾಸಣೆಯ ಜೊತೆಗೆ ಅಭ್ಯಾಸ ಮಾಡಿದರು. ಇಂಥ ದಂಪತಿಗಳ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಅಪರೂಪದ ದುರ್ಬಲ ರೋಗಗಳ ಸಂಭವ ಏರುವುದು ನಿಜ. ಮನೆತನದಲ್ಲಿ ಅಂಥ ರೋಗ ಕಂಡಿದ್ದರೆ ಮದುವೆಗೆ ಮುಂಚೆ ತಳಿ ಸಲಹೆ ಪಡೆಯುವುದು ಮಕ್ಕಳ ಮೇಲಿನ ಅಕ್ಕರೆಯ ಕೆಲಸ.

ಪ್ರಬಲ ಜೀನ್‌ನಿಂದ ಬರುವ ರೋಗ ಪೀಳಿಗೆ ಬಿಡದೆ ಕಾಣುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಊರಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ‘ಹಂದಿಗೋಡು ರೋಗ’ ಅಂಥದ್ದು. ಸೊಂಟ, ಮೊಣಕಾಲಿನ ಕೀಲುಗಳು ಸವೆದು ನಡೆಯುವುದೇ ನೋವಾಗುತ್ತದೆ. ಕೆಲವರಲ್ಲಿ ದೇಹ ಕುಳ್ಳಾಗುತ್ತದೆ. ರೋಗವಿರುವವರ ಪ್ರತಿ ಮಗುವಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ. ಇದು ಶಾಪವೂ ಅಲ್ಲ, ಪಾಪದ ಫಲವೂ ಅಲ್ಲ, ಅಂಟುವ ರೋಗವೂ ಅಲ್ಲ.

ಬರಹವೇ ಹಣೆಬರಹವಲ್ಲ

ಎತ್ತರ, ಮೈಬಣ್ಣ, ಹಾಲಿನ ಪ್ರಮಾಣ, ಇಳುವರಿ, ಸಕ್ಕರೆ ಕಾಯಿಲೆಯ ಒಲವು ಇವೆಲ್ಲ ಒಂದೇ ಜೀನ್‌ನಿಂದ ಬರುವುದಿಲ್ಲ. ನೂರಾರು ಜೀನ್‌ಗಳ ಚಿಕ್ಕ ಚಿಕ್ಕ ಪಾಲು, ಅದರ ಮೇಲೆ ಆಹಾರ, ನೀರು, ಬಿಸಿಲು, ದುಡಿಮೆಯ ಪಾಲು ಸೇರುತ್ತದೆ. ಒಂದೇ ಚೀಲದ ರಾಗಿ ಕೆಂಪು ಮರಳುಮಣ್ಣಿನಲ್ಲಿ ಒಂದು ರೀತಿ, ಕೆರೆಯ ಕೆಳಗಿನ ಗದ್ದೆಯಲ್ಲಿ ಇನ್ನೊಂದು ರೀತಿ ಬೆಳೆಯುತ್ತದೆ. ಮೇಲು ಕೀಳಿನ ವಾದಕ್ಕೆ ಜೀನನ್ನು ಸಾಕ್ಷಿಗೆ ಕರೆಯುವವರಿಗೆ ಈ ಹೊಲವೇ ಉತ್ತರ. ಹಸಿವಿನಲ್ಲಿ ಬೆಳೆದ ಮಗುವಿನ ಕುಳ್ಳತನದಿಂದ ಅದರ ಜೀನ್‌ಗಳ ಬಗ್ಗೆ ಏನೂ ತಿಳಿಯುವುದಿಲ್ಲ.

ಕಾಣದ್ದನ್ನು ಕಾಯುವುದು

ದೇಶದ ನಾನಾ ಸಮುದಾಯಗಳ 10,000 ಜನರ ಡಿಎನ್‌ಎ ಓದಿದ ‘ಜೀನೋಮ್ ಇಂಡಿಯಾ’ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮುಂದಾಳಾಗಿತ್ತು. ಅದರ ದತ್ತಾಂಶವನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಲಾಯಿತು. ಬೆಳೆಗಳ ಸಾವಿರಾರು ತಳಿಗಳ ಬೀಜಗಳು ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ತಂಪಿನಲ್ಲಿವೆ.

ಅಡಗಿರುವ ಗುಣ ಅಳಿದ ಗುಣವಲ್ಲ. ಸುಕ್ಕುಕಾಳು, ಕರಿಚಿರತೆ ಎರಡೂ ಅದನ್ನೇ ತೋರಿಸಿವೆ. ಆದರೆ ಹೊತ್ತು ಸಾಗುವ ಕೊನೆಯ ಜೀವಿ ಹೋದ ಮೇಲೆ ಯಾವ ಸಂಕರಣದಿಂದಲೂ ಅದು ಮರಳದು. ತಂಪು ಕೋಣೆಯ ಬೀಜ ಇಂದಿನ ಮಳೆಯನ್ನು ಕಂಡಿಲ್ಲ. ವರ್ಷ ವರ್ಷ ಬಿತ್ತಿದ ಬೀಜ ಪ್ರತಿ ಬರವನ್ನೂ ದಾಟಿ, ಉಳಿದದ್ದರಲ್ಲಿ ಆರಿಸಲ್ಪಟ್ಟು ಬಂದಿರುತ್ತದೆ. ಹೊಸದುರ್ಗದ ಸಾಮೆಯ ಹೊಲದಲ್ಲಿ ಬೇರೆ ಬಣ್ಣದ ಒಂದು ತೆನೆ ಕಂಡಾಗ ಅದನ್ನು ರಾಶಿಗೆ ಸೇರಿಸದೆ ಬೇರೆ ಗಂಟು ಕಟ್ಟಿಡುವ ಕೈ, ಹೆಸರು ತಿಳಿಯದೆಯೂ ತಳಿವಿಜ್ಞಾನದ ಕೆಲಸವನ್ನೇ ಮಾಡುತ್ತಿದೆ.